ಸುಟ್ಟ ಕೋಟು ನನ್ನ ಹತ್ತಿರ ಇದೆ

ಅಮ್ಮಾ,

ನೀನು ಹೊಲಿದಿಟ್ಟಿದ್ದ ವಕೀಲಮ್ಮನ ಕೋಟನ್ನು ನಾನೇ ತಗೊಂಡು ಅವರ ಮನೆಗೆ ಹೋಗ್ತಿದ್ದೀನಿ, ಬೀರು ಎಲ್ಲಾ ಕೆದಕಬೇಡ. ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೇ ಬಿಟ್ಟು ಫೋನ್ ಹಿಡ್ಕೊಂಡು ಕೂತವಳು ನಾನು. ಕೋಟಿನ ತೋಳು ಸುಟ್ಟವಳೂ ನಾನೇ. ನೀನು ಬೈದದ್ದು ಮಾತ್ರ ಅಣ್ಣನಿಗೆ, "ಸ್ವಲ್ಪ ನೋಡ್ಕೋಬಾರದಿತ್ತಾ, ಕತ್ತೆ" ಅಂತ! ಪಾಪ, ಅವನು ಆಗ ಸ್ನಾನ ಮಾಡ್ತಿದ್ದ. ನನಗೆ ಏನಂದೆ? "ಹೋಗ್ಲಿ ಬಿಡು ಚಿನ್ನ, ಕೈ ಸುಟ್ಕೊಂಡಿಲ್ಲ ತಾನೆ?"

ಕ್ಯಾನ್ಸರ್ ಬಂದಾಗ ನನಗೆ ಒಂಬತ್ತು ವರ್ಷ. ಈಗ ಇಪ್ಪತ್ತು. ವಾಸಿಯಾಗಿ ಎಂಟು ವರ್ಷ ಆದರೂ, ನಾನು ಏನು ತಪ್ಪು ಮಾಡಿದರೂ ನೀನು ಅದನ್ನೇ ಮುಂದಿಟ್ಟು ಮಾಫಿ ಮಾಡ್ತೀಯ. ನನಗೆ ಸಾಕಾಗಿ ಹೋಗಿದೆ.

ನಾನು ತಲುಪೋ ಮೊದಲೇ ವಕೀಲಮ್ಮನಿಗೆ ಫೋನ್ ಮಾಡಿ, "ಚಿಕ್ಕವಳಿದ್ದಾಗ ಅವಳಿಗೆ..." ಅಂತ ಶುರು ಮಾಡಿದರೆ ನೋಡು! ಅದನ್ನು ಕೇಳಿದ ತಕ್ಷಣ ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ನೋಡ್ತಾರೆ. ಅವರು ಚೆನ್ನಾಗಿ ಬೈಯಲಿ. ಹೊಸ ತೋಳು ಹೊಲಿದು ಕೊಡ್ತೀನಿ ಅಂತ ನಾನೇ ಹೇಳ್ತೀನಿ, ನಾನೇ ಹೊಲೀತೀನಿ.

ಅಣ್ಣನ ಊಟ ಮುಚ್ಚಿಟ್ಟಿದ್ದೀನಿ. ಮುಖ ಊದಿಸ್ಕೊಂಡಿದ್ದಾನೆ, ಒಂದು ಒಳ್ಳೇ ಮಾತಾಡು. ನಿನ್ನ ಬಿಪಿ ಮಾತ್ರೆ ಹೊಲಿಗೆ ಮಷೀನಿನ ಮೇಲಿದೆ, ಮರೀಬೇಡ.

ಆರು ಗಂಟೆಗೆ ಬರ್ತೀನಿ. ಬಾಗಿಲು ತೆಗೆದ ಕೂಡಲೇ ಅಣ್ಣನಿಗೆ ಬೈದ ಹಾಗೇ ನನಗೂ ಬೈಯಿ, ಕತ್ತೆ ಅನ್ನೋದನ್ನೂ ಸೇರಿಸಿ. ಅರ್ಧಕ್ಕೆ ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಬೇಡ.