ಟವರ್ ಸೇರಿಸುವ ಮೊದಲಿನ ವಿಡಿಯೊ

ಅಲ್ ಕೂಜ್, ದುಬೈ
ಮಾರ್ಚ್ 2016

ಕ್ಯಾರಲ್ ಅಕ್ಕನಿಗೆ ಸಫ್ವಾನ್ ಬರೆಯುವುದು,

ತೌಸೀಫಣ್ಣ ಫೋನ್ ಎತ್ತುತ್ತಿಲ್ಲ ಎಂದು ನೀವು ಮೆಸೇಜ್ ಹಾಕಿದ್ದೀರಿ. ಫೋನ್ ಈಗ ನನ್ನ ಹತ್ತಿರ ಇದೆ. ಅಣ್ಣ ಹೋದ ತಿಂಗಳು ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದು ತೀರಿಕೊಂಡ. ಊರಿನಲ್ಲಿ ದಫನ್ ಆಯಿತು. ಶವದ ಪೆಟ್ಟಿಗೆ ತೆರೆಯಲು ಬಿಡಲಿಲ್ಲ. ಹೆತ್ತ ಉಮ್ಮನೂ ಮುಖ ನೋಡಲಿಲ್ಲ.

ನೀವು ಕಾಲೇಜಿನವರೆಲ್ಲ ಸೇರಿ ಮಾಡುತ್ತಿರುವ ಸಿನಿಮಾದ ತುಂಡನ್ನು ನಿನ್ನೆ ಅಣ್ಣನ ಈ ಫೋನಿನಲ್ಲೇ ನೋಡಿದೆ. ಅದರಲ್ಲಿ ಅಣ್ಣ ಟವರಿನಿಂದ ಬೀಳುತ್ತಾನೆ. ನೀವು ಕಂಪ್ಯೂಟರಿನಲ್ಲಿ ಕೂಡಿಸಿದ ಆಕಾಶ, ಗಾಜು ಎಲ್ಲ ನಿಜದಂತೆಯೇ ಇದೆ. ಸಿನಿಮಾ ನಿಲ್ಲಿಸಿ ಎಂದು ಹೇಳುವುದಿಲ್ಲ, ಎಲ್ಲರೂ ಕಷ್ಟಪಟ್ಟಿದ್ದೀರಿ.

ಆದರೆ ಉಮ್ಮ ಊರಿನಿಂದ ಫೋನ್ ಮಾಡಿ ದಿನಾ ಕೇಳುತ್ತಾರೆ: "ಅವ ಸಿನಿಮಾದಲ್ಲಿ ಉಂಟಂತಲ್ಲ, ನಂಗೊಮ್ಮೆ ತೋರ್ಸು ಮೋನೇ." ಇದನ್ನು ಹೇಗೆ ತೋರಿಸಲಿ?

ಶೂಟಿಂಗ್ ದಿನ ನಾನೂ ಬಂದಿದ್ದೆ; ಗೋದಾಮಿನಲ್ಲಿ ಹಸಿರು ಬಟ್ಟೆಯ ಮುಂದೆ ಅಣ್ಣ ಸ್ಟೂಲಿನಿಂದ ಹಾಸಿಗೆಯ ಮೇಲೆ ಹಾರಿದ್ದ. "ಹೆದರಿದ ಮುಖ ಮಾಡಿ ಅಣ್ಣಾ" ಎಂದು ನೀವು ಗದರಿದಾಗ, "ನಗು ಬಂದ್ರೆ ನಾನೆಂತ ಮಾಡುದು ಮಾರಾಯ್ತಿ?" ಎಂದಿದ್ದ. ಟವರ್ ಸೇರಿಸುವ ಮೊದಲಿನ ಆ ವಿಡಿಯೊ ಇದ್ದರೆ ಈ ನಂಬರಿಗೆ ಕಳಿಸಿ. ಬಿದ್ದಲ್ಲಿಗೆ ಕತ್ತರಿಸಬೇಡಿ ಅಕ್ಕಾ. ಎದ್ದು ನಿಲ್ಲುವವರೆಗೂ ಇರಲಿ.

ತೌಸೀಫಣ್ಣನ ತಮ್ಮ,
ಸಫ್ವಾನ್