ಜಾಮೀನಿನ ಕಡತ

ಎರಡನೇ ಮಹಡಿ, ಕಿಟಕಿ ಪಕ್ಕದ ನಿನ್ನ ಮೇಜು
ಮಂಗಳವಾರ

ನನ್ನ ಮೊಂಡು ಅಕ್ಕನಿಗೆ,

ಗಂಟಲು ಹೇಗಿದೆ? ನುಂಗುವಾಗ ಈಗಲೂ ನೋವೇ? ನೀನು ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದಕ್ಕೇ ಈ ಕಾಗದ. ನೀನು ಓದದಿದ್ದರೆ ಚಿಕ್ಕಮ್ಮ ಇಡೀ ಬೀದಿಗೆ ಕೇಳುವ ಹಾಗೆ ಓದುತ್ತಾರೆ, ನೋಡಿಕೋ.

ಇಲ್ಲಿ ನಿನ್ನ ಬೇಸ್ ಇಮೇಜನ್ನು ಈಗ ನಾನೇ ಕಟ್ಟುತ್ತಿದ್ದೇನೆ. (ಚಿಕ್ಕಮ್ಮಾ, ಗಾಬರಿಯಾಗಬೇಡಿ. ನಮ್ಮ ಕಂಪನಿಯ ಒಂದೊಂದು ಸಾಫ್ಟ್‌ವೇರೂ ತನ್ನದೇ ಡಬ್ಬಿಯಲ್ಲಿ ಓಡುತ್ತದೆ. ಎಲ್ಲ ಡಬ್ಬಿಗೂ ತಳ ಒಂದೇ. ಆ ತಳ ಅಕ್ಕನ ಕೆಲಸ.) ಅದು ಇನ್ನೂ ತೆಳ್ಳಗಾಗಬೇಕೆಂದು ಮೇಲಿನವರ ಅಪ್ಪಣೆಯಾಯಿತು. ನಾನೂ ಹುರುಪಿನಲ್ಲಿ ಬೇಡದ್ದನ್ನೆಲ್ಲ ಕಿತ್ತೆ. ಜೊತೆಗೆ, ಹೊರಗಿನವರಲ್ಲಿ ಯಾರನ್ನು ನಂಬಬಹುದೆಂದು ಹೇಳುವ ಪ್ರಮಾಣಪತ್ರಗಳ ಕಡತವೂ ಹೋಯಿತು. ಇಮೇಜು ಸಲೀಸಾಗಿ ಎದ್ದು ಕೂತಿತು. ಆದರೆ ಹೊರಗಿನ ಯಾವ ಸರ್ವರ್ ಜೊತೆ ಮಾತಿಗೆ ಹೋದರೂ, ಎದುರಿಗಿರುವವರು ಯಾರೋ ಗೊತ್ತಿಲ್ಲವೆಂದು ಮಾತು ಮುರಿದುಕೊಳ್ಳುತ್ತಿತ್ತು. ತಲೆ ಚಚ್ಚಿಕೊಂಡೆ. ಆಮೇಲೆ, ಇದೇ ಮೇಜಿನಲ್ಲಿ ನನ್ನ ತಲೆಗೆ ಮೊಟಕಿ ನೀನು ಹೇಳಿದ್ದು ನೆನಪಾಯಿತು: "ಎಲ್ಲರನ್ನೂ ನಂಬ್ಬೇಕಾಗಿಲ್ಲ ಕಣೋ. ಒಬ್ರನ್ನ ನಂಬಿದ್ರೆ ಸಾಕು, ಅವ್ರು ಉಳಿದೋರಿಗೆ ಜಾಮೀನು ನಿಲ್ತಾರೆ. ಆ ಒಬ್ರನ್ನ ಮಾತ್ರ ಅಳಿಸ್ಬೇಡ." ಕಡತ ವಾಪಸು ಹಾಕಿದೆ, ಎಲ್ಲ ಸರಿಹೋಯಿತು. ನಾನು ಮಾತ್ರ ಅತ್ತುಬಿಟ್ಟೆ. ಪಕ್ಕದ ಮೇಜಿನವರು ನೆಗಡಿಯೇ ಎಂದು ಕೇಳಿದರು.

ಅಮ್ಮ ಆಪರೇಷನ್ನಿಗೆಂದು ಒಳಗೆ ಹೋದವಳು ತಿರುಗಿ ಬರಲಿಲ್ಲ. ಅಂದಿನಿಂದ ಬಿಳಿ ಕೋಟು ಕಂಡರೆ ನಿನಗಾಗದು. ನನಗೂ ಆಗದು. "ಅಮ್ಮಂಗೂ ಏನೂ ಆಗಲ್ಲ ಅಂತಾನೇ ಹೇಳಿದ್ರು" ಎಂದು ನೀನು ಬ್ಯಾಗು ಹಿಡಿದು ಚಿಕ್ಕಮ್ಮನ ಮನೆಗೆ ಹೊರಟುಬಿಟ್ಟೆ. ಆದರೆ ಗಂಟಲಿನ ಗಂಟು ಬೆಳೆಯುತ್ತಿದೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಿನ್ನೆ ಡಾಕ್ಟರನ್ನು ಮತ್ತೆ ಕಂಡೆ. ಏನೂ ಆಗುವುದಿಲ್ಲ ಎಂದು ಅವರು ಹೇಳಲಿಲ್ಲ. ತೆಗೆಯದಿದ್ದರೆ ಉಸಿರಿಗೇ ಸಂಚಕಾರ, ತೆಗೆದರೆ ದನಿ ಒಡೆಯಬಹುದು ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ದನಿ ಒಡೆದರೆ ಒಡೆಯಲಿ ಅಕ್ಕಾ, ಆ ದನಿಯಲ್ಲೇ ಬೈಸಿಕೊಳ್ಳುತ್ತೇನೆ.

ಚಿಕ್ಕಮ್ಮನಿಗೆ ನಮಸ್ಕಾರ. ತಮ್ಮಂದಿರು ಆಶೀರ್ವಾದ ಮಾಡುವ ಹಾಗಿದ್ದರೆ ನಿನಗೂ ಮಾಡುತ್ತಿದ್ದೆ.

ನಿನ್ನ
ಬಾಲಂಗೋಚಿ

ತಡಿ, ಹೇಳಬೇಕಾದದ್ದೇ ಉಳಿಯಿತು. ಶುಕ್ರವಾರ ಬೆಳಗ್ಗೆ ಕಾರು ತರುತ್ತೇನೆ, ಡಾಕ್ಟರು ಅಲ್ಲಿಯವರೆಗೆ ಕಾಯುತ್ತಾರಂತೆ. ಅವರನ್ನು ನೀನು ನಂಬಬೇಕಾಗಿಲ್ಲ. ಅವರಿಗೆ ನಾನು ಜಾಮೀನು. ನನ್ನನ್ನು ಇನ್ನೂ ಅಳಿಸಿಲ್ಲವಾದರೆ, ಅಂದು ಬಾಗಿಲಿಗೆ ಚಿಲಕ ಹಾಕಬೇಡ.