ಕಲ್ಲು ಓದುವ ಸೀಟು

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಲ್ಯಾಬಿನ ಶಟರ್ ಎತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಜನ. ಎಲ್ಲರದೂ ಖಾಲಿ ಹೊಟ್ಟೆ, ಹಾಗಾಗಿ ಎಲ್ಲರಿಗೂ ಸಿಟ್ಟು. ಟೋಕನ್ ಹಂಚಿದೆ. ಅಮ್ಮ ಒಳಗೆ ರಕ್ತ ತೆಗೆಯುತ್ತಾಳೆ, ಅಪ್ಪ ಮೆಷಿನ್ ನೋಡುತ್ತಾರೆ. ಕೌಂಟರಿನಲ್ಲಿ ನಾನು, ಇಲ್ಲವೇ ದೊಡ್ಡವನು. ದೊಡ್ಡವನು ಅಂದರೆ ನನ್ನ ಅವಳಿ. ನನಗಿಂತ ಹತ್ತು ನಿಮಿಷ ಮೊದಲು ಹುಟ್ಟಿದ, ಆ ಒಂದು ಸಾಧನೆಗೆ ಈ ಬಿರುದು.

ಶುಗರ್ ಟೆಸ್ಟಿಗೆ ಬಂದ ಮುದುಕರೊಬ್ಬರಿಗೆ ತಲೆ ಸುತ್ತಿತು. ಸಾಲಿನಲ್ಲಿ ಮುಂದಿದ್ದ ಡ್ರೈವರ್ ಒಬ್ಬ ತನ್ನ ಟೋಕನ್ ಅವರ ಕೈಗಿಟ್ಟು, ಅವರದನ್ನು ತಾನಿಟ್ಟುಕೊಂಡು ಹಿಂದೆ ಹೋಗಿ ಕೂತ. ನಮ್ಮಲ್ಲಿ ಇದು ನಡೆಯುತ್ತದೆ. ನಿಮ್ಮ ಟೋಕನ್ ನಿಮ್ಮದು, ಯಾರ ಜೊತೆ ಬದಲಾಯಿಸಿಕೊಂಡರೂ ಕೇಳುವವರಿಲ್ಲ. ಲ್ಯಾಬ್ ಶುರುವಾದಾಗಿನಿಂದ ಅಪ್ಪನ ನಿಯಮ.

ಹನ್ನೊಂದರ ಸುಮಾರಿಗೆ ಮೇಲ್ ಬಂತು. ಇಬ್ಬರಿಗೂ ಒಟ್ಟಿಗೆ. ಅವನಿಗೆ ಸೀಟು. ನನಗೆ ವೇಟಿಂಗ್ ಲಿಸ್ಟ್.

ಜಿಯಾಲಜಿ. ಆ ಯೂನಿವರ್ಸಿಟಿಯಲ್ಲೇ ಓದಬೇಕು ಅಂತ ಏಳನೇ ಕ್ಲಾಸಿನಿಂದ ಜಪ ಮಾಡಿದವಳು ನಾನು. ಅವನ ಅರ್ಜಿ ತುಂಬಿದವಳೂ ನಾನೇ. "ನೀನು ಯಾವ್ದಕ್ಕೆ ಹಾಕ್ತೀಯೋ ನಂದೂ ಅದಕ್ಕೇ ಹಾಕ್ಬಿಡೇ, ಯೋಚ್ನೆ ಮಾಡೋಕೆ ಬೇಜಾರು" ಅಂದಿದ್ದ. ಪ್ರಬಂಧ ಮಾತ್ರ ಅವನದೇ. ಒಂದೇ ಸಂಜೆಯಲ್ಲಿ ಬರೆದ — ಲ್ಯಾಬಿನ ಸೀಸೆಯಲ್ಲಿರುವ ತಾತನ ಕಿಡ್ನಿ ಸ್ಟೋನ್ ಬಗ್ಗೆ. ನಾನು ಪದರಗಲ್ಲುಗಳ ಬಗ್ಗೆ ಬರೆದೆ. ತಿಂಗಳುಗಟ್ಟಲೆ ತಿದ್ದಿದೆ.

ಮಧ್ಯಾಹ್ನ ರಿಪೋರ್ಟ್ ಹಂಚಿದೆ. ಯಾರ ರಿಪೋರ್ಟೂ ಅದಲುಬದಲಾಗಲಿಲ್ಲ. ಅಂದರೆ ನಾನು ಸರಿಯಾಗಿಯೇ ಇದ್ದೇನೆ.

ಏಪ್ರಿಲ್ 3

ಮನೆಯಲ್ಲಿ ಯಾರಿಗೂ ಮುಖ ಎಲ್ಲಿಡಬೇಕು ಗೊತ್ತಿಲ್ಲ. ಅವನನ್ನು ನೋಡಿ ನಗುತ್ತಾರೆ, ನನ್ನನ್ನು ಕಂಡ ತಕ್ಷಣ ನಗು ಮಡಚಿಡುತ್ತಾರೆ. ಅಮ್ಮನಿಗೆ ಕತ್ತು ನೋವು ಬರದಿದ್ದರೆ ಸಾಕು.

ಅಜ್ಜಿಗೆ ಮಾತ್ರ ನೇರವಾಗಿ ಕೇಳುವ ಧೈರ್ಯ.

"ವೇಟಿಂಗ್ ಅಂದ್ರೆ ಸೀಟು ಇದ್ಯೋ ಇಲ್ವೋ?"

"ಇದೆ ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ ಅಜ್ಜಿ."

"ಹಾಗಾದ್ರೆ ಬಾಯಲ್ಲಿ ಬಿಸಿ ತುಪ್ಪ ಅನ್ನು. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ."

ಯೂನಿವರ್ಸಿಟಿಯ ಮೇಲ್‌ನಲ್ಲಿರುವುದೂ ಅದೇ, ಸ್ವಲ್ಪ ಉದ್ದಕ್ಕೆ. ವೇಟಿಂಗ್ ಲಿಸ್ಟಿನಲ್ಲಿ ನಂಬರ್ ಇರುವುದಿಲ್ಲವಂತೆ. ಸೀಟು ಖಾಲಿಯಾದರೆ ಸಮಿತಿ ಕೂತು ತನಗೆ ಸರಿ ಕಂಡವರನ್ನು ಆರಿಸುತ್ತದಂತೆ. ಅಭ್ಯರ್ಥಿ ಬೇಕಿದ್ದರೆ ಒಂದು ಪತ್ರ ಬರೆಯಬಹುದು. ಒಂದೇ ಒಂದು, ಒಂದು ಪುಟ ಮೀರದಂತೆ. ಫೋನ್ ಮಾಡಬಾರದು, ಬೇರೆಯವರಿಂದ ಹೇಳಿಸಬಾರದು.

ಇಲ್ಲೇ ಬಸ್ಸಿನ ದೂರದಲ್ಲಿರುವ ಕಾಲೇಜು ಸೀಟು ಕೊಟ್ಟಿದೆ. ಮೇ ಹದಿನೈದರೊಳಗೆ ಒಪ್ಪಿಗೆ ಹೇಳಬೇಕು. ಅಲ್ಲಿ ಜಿಯಾಲಜಿ ಇಲ್ಲ. ಕೆಮಿಸ್ಟ್ರಿ ಇದೆ. ಅದೂ ಒಂದು ವಿದ್ಯೆಯೇ.

ಏಪ್ರಿಲ್ 10

ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ಗುಟ್ಟು ಅಮ್ಮನ ಹತ್ತಿರ ನಿಲ್ಲುವುದಿಲ್ಲ. ಸೂಜಿ ಚುಚ್ಚುವಾಗ ಪೇಷಂಟಿನ ಗಮನ ಬೇರೆಡೆ ಸೆಳೆಯಬೇಕಲ್ಲ, ಅದಕ್ಕೆ ನಮ್ಮ ಕಥೆ ಹೇಳುತ್ತಾಳೆ.

ತಿಂಗಳಿಗೊಮ್ಮೆ ಶುಗರ್ ನೋಡಿಸಲು ಬರುವ ರಿಟೈರ್ಡ್ ಮೇಷ್ಟ್ರು, ತೋಳಿಗೆ ಹತ್ತಿ ಒತ್ತಿಕೊಂಡೇ ಕೌಂಟರಿಗೆ ಬಂದರು.

"ಏನಮ್ಮಾ, ಸೀಟು ಎಲ್ಲಿಗೆ ಬಂತು?"

"ನೋಡೋಣ ಸಾರ್."

"ನೋಡೋಣ ಅಂತ ನೀನಂತೀಯ, ನೋಡ್ತಿರೋರು ಅವ್ರು. ಪತ್ರ ಬರೆದ್ಯಾ?"

"ಬರೀತೀನಿ ಸಾರ್."

ಬರೆದಿಲ್ಲ. ನಿನ್ನೆ ಕೂತಿದ್ದೆ. "ನಿಮ್ಮಲ್ಲಿ ಓದಬೇಕೆಂಬುದು ನನ್ನ ಬಹುದಿನದ ಆಸೆ" — ಹೊಡೆದು ಹಾಕಿದೆ. ಆಸೆ ಯಾರಿಗಿಲ್ಲ. "ನಾನು ಶ್ರದ್ಧೆಯುಳ್ಳವಳು" — ಇದನ್ನು ನಾನೇ ಹೇಳಿಕೊಂಡರೆ ಮದುವೆ ಜಾಹೀರಾತಿನಂತಿದೆ. ಪುಟ ಖಾಲಿಯೇ ಉಳಿಯಿತು. ಎದ್ದು ಟ್ಯೂಬುಗಳಿಗೆ ಲೇಬಲ್ ಅಂಟಿಸಿದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಏಪ್ರಿಲ್ 17

ಸಂಜೆ ಇಬ್ಬರೂ ಸೇರಿ ಲ್ಯಾಬ್ ತೊಳೆಯುತ್ತಿದ್ದೆವು. ಅವನು ಒರೆಸುವ ಕೋಲು ಹಿಡಿದು ನಿಂತುಬಿಟ್ಟ.

"ಒಂದು ಕೇಳ್ತೀನಿ, ಸರಿಯಾಗಿ ಉತ್ತರ ಕೊಡು. ಆ ಸೀಟು ನಿಂಗೆ ಬೇಕಾ, ಬೇಡ್ವಾ?"

"ಕೊಡೋದು ಬಿಡೋದು ಅವ್ರ ಕೈಲಿದೆ."

"ಅವ್ರ ವಿಷ್ಯ ಅಲ್ಲ ಕಣೇ. ನಿಂಗೆ ಬೇಕಾ?"

"ಕಾಲು ಎತ್ತೋ, ನೀರು ಹಾಕ್ಬೇಕು."

"ನಾನು ಹೋಗ್ಲಾ ಬೇಡ್ವಾ?"

"ನಿನ್ನಿಷ್ಟ."

ಇನ್ನೇನು ಹೇಳಬೇಕಿತ್ತು? ಹೋಗಬೇಡ ಅಂದರೆ ಹೊಟ್ಟೆಕಿಚ್ಚು. ಹೋಗು ಅಂದರೆ ಸುಳ್ಳು. ಎರಡೂ ಬೇಡ ಅಂತ ನೀರು ಹಾಕಿದೆ.

ಏಪ್ರಿಲ್ 29

ದೊಡ್ಡವನಿಗೆ ಏನೋ ಆಗಿದೆ. ಒಂದು ವಾರದಿಂದ ಶಿಳ್ಳೆ. ಕೇಳದೆಯೇ ನನ್ನ ಪಾಳಿಯನ್ನೂ ತಾನೇ ಮಾಡುತ್ತಾನೆ. "ನೀನು ಓದ್ಕೋ ಹೋಗು" ಅನ್ನುತ್ತಾನೆ. ಏನು ಓದಲಿ? ಪರೀಕ್ಷೆಯೆಲ್ಲ ಮುಗಿದಿದೆ.

ಪತ್ರ ಇನ್ನೂ ಬರೆದಿಲ್ಲ. ಅಮ್ಮ ಕೇಳುವುದನ್ನು ಬಿಟ್ಟಿದ್ದಾಳೆ. ಬಾಯಿ ಬಿಟ್ಟು ಕೇಳುವುದನ್ನು, ಅಷ್ಟೇ.

ಮೇ 6, ಮಂಗಳವಾರ

ಬರೆಯಲು ಕೈ ಓಡುತ್ತಿಲ್ಲ. ಆದರೂ ಆದದ್ದನ್ನು ಆದ ಹಾಗೆ.

ಹತ್ತು ಗಂಟೆ. ಲ್ಯಾಬಿನಲ್ಲಿ ಇನ್ನೂ ಐದಾರು ಜನ. ದೊಡ್ಡವನು ಫೋನ್ ಎತ್ತಿ ಹಿಡಿದುಕೊಂಡು ಒಳಗೆ ಬಂದ. ಮುಖದಲ್ಲಿ ಸಾವಿರ ದೀಪ. ಅಪ್ಪ ಅಮ್ಮ ಇಬ್ಬರನ್ನೂ ಕರೆದ.

"ಇವಳ ಬಟ್ಟೆಬರೆ ಕಟ್ಟಿ. ನನ್ ಸೀಟು ಇವಳಿಗೆ ಕೊಟ್ಟಾಯ್ತು."

ಎರಡು ವಾರದ ಹಿಂದೆಯೇ ಯೂನಿವರ್ಸಿಟಿಗೆ ಬರೆದಿದ್ದನಂತೆ. 'ನನ್ನ ಸೀಟನ್ನು ನನ್ನ ತಂಗಿಗೆ ಕೊಡುತ್ತಿದ್ದೇನೆ. ಅವಳ ವೇಟಿಂಗ್ ಜಾಗದಲ್ಲಿ ನಾನು ಇರುತ್ತೇನೆ.' ಟೋಕನ್ ಬದಲಾಯಿಸಿದ ಹಾಗೆ! ಅದಕ್ಕೆ ಉತ್ತರ ಈಗ ಬಂದಿತ್ತು. ಪೂರ್ತಿ ಓದುವಷ್ಟು ತಾಳ್ಮೆ ಅವನಿಗೆಲ್ಲಿ. ಮೊದಲ ಸಾಲಿನ 'ಧನ್ಯವಾದಗಳು' ನೋಡಿಯೇ ಓಡಿ ಬಂದಿದ್ದ. ನಮ್ಮೆದುರೇ ಜೋರಾಗಿ ಓದತೊಡಗಿದ.

ಸೀಟು ಬೇಡವೆಂದು ತಿಳಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ಪ್ರವೇಶ ರದ್ದಾಗಿದೆ. ಸೀಟನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಅವಕಾಶವಿಲ್ಲ.

'ವರ್ಗಾಯಿಸಲು' ಅನ್ನುವಷ್ಟರಲ್ಲಿ ದನಿ ಇಳಿಯಿತು. ಮುಂದಿನದು ಬಾಯೊಳಗೇ ಹೋಯಿತು.

ಮೊದಲು ಮಾತಾಡಿದ್ದು ಅಪ್ಪ. "ಅದೇನು ನಮ್ ಲ್ಯಾಬ್ ಟೋಕನ್ ಅನ್ಕೊಂಡ್ಯೇನೋ?"

"ಮತ್ತೆ… ನಂದು ತಾನೇ? ನನ್ ಸೀಟು ನಾನು ಯಾರಿಗ್ ಬೇಕಾದ್ರೂ—"

ಗಲಾಟೆ ಕೇಳಿ ಬಂದಿದ್ದ ಅಜ್ಜಿ ಹಿಂದಿನಿಂದ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇಲ್ಲಿ ಈರಭದ್ರ ಯಾರು ಅಂತಾನೂ ಗೊತ್ತಿಲ್ವಲ್ಲೋ ಮಂಕೇ!"

ಆಮೇಲೆ ನಾನು. ನನ್ನ ದನಿ ಅಷ್ಟು ಜೋರಿದೆ ಅಂತ ನನಗೇ ಗೊತ್ತಿರಲಿಲ್ಲ. "ಯಾರೋ ಕೇಳಿದ್ರು ನಿನ್ನ? ನಾನು ಕೇಳಿದ್ನಾ? ನನ್ನ ಬಾಯಿಂದ ಒಂದು ಸಲ ಬಂದಿತ್ತಾ?"

"ಬರ್ಲಿಲ್ಲ. ಅದಕ್ಕೇ ಕೊಟ್ಟೆ" ಅಂದ.

ಆಗಲೇ ಹೊರಗಿನಿಂದ ಒಬ್ಬ ತಲೆ ಹಾಕಿದ. "ಒಂಬತ್ತನೇ ನಂಬರ್ ಕರೆದ್ರಾ?" ಅಮ್ಮ ಕಣ್ಣೊರೆಸಿಕೊಂಡು ಕೈಗೆ ಗ್ಲೌಸ್ ಹಾಕಿದಳು.

ಮೇ 7

ರಾತ್ರಿ ಅವನು ಊಟ ಬಿಟ್ಟ. ನಾನು ಬಿಡಲಿಲ್ಲ. ಹಸಿವಿತ್ತು, ತಿಂದೆ.

ಬೆಳಿಗ್ಗೆ ಅಜ್ಜಿ ಅರ್ಧ ಹೆಣೆದ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಯಾರದು ಅಂದೆ.

"ಅವಂದೇ. ಸೀಟು ಸಿಕ್ಕಿದ ಮಾರನೇ ದಿನ ಬಂದು, 'ಅಲ್ಲಿ ಚಳಿ ಜಾಸ್ತಿ ಅಂತೆ ಅಜ್ಜಿ, ಉದ್ದ ತೋಳಿಂದು ಹೆಣಿ' ಅಂದ. ನಿಂಗೆ ಹೇಳ್ಬೇಡ ಅಂದಿದ್ದ. ನೀನು ನೊಂದ್ಕೋತೀಯ ಅಂತ."

ಅವನ ಹಾಸಿಗೆ ಕೊಡವಲು ಹೋದೆ. ದಿಂಬಿನ ಕೆಳಗೆ ನನ್ನ ಕಲ್ಲಿನ ಪುಸ್ತಕ. ಅರ್ಧದವರೆಗೂ ಪೆನ್ಸಿಲ್ ಗೆರೆ. ಅವನ ಅಕ್ಷರ, ಅಂಚಿನಲ್ಲೆಲ್ಲ ಪ್ರಶ್ನೆಗಳು. ಪೆದ್ದು ಪ್ರಶ್ನೆಗಳಲ್ಲ. ಒಂದೆರಡಕ್ಕೆ ನನಗೂ ಉತ್ತರ ಗೊತ್ತಿಲ್ಲ.

ಅವನಿಗೂ ಬೇಕಿತ್ತು. ಬೇಕಿದ್ದನ್ನೇ ಕೊಟ್ಟಿದ್ದಾನೆ, ಕತ್ತೆ.

ಕೌಂಟರಿನಲ್ಲೇ ಕೂತು ಪತ್ರ ಬರೆದೆ. ಹೊಡೆದು ಹಾಕಲಿಲ್ಲ, ತಿದ್ದಲಿಲ್ಲ. ನಮ್ಮ ಲ್ಯಾಬಿನಲ್ಲಿ ಟೋಕನ್ ಹೇಗೆ ನಡೆಯುತ್ತದೆ ಅಂತ ಬರೆದೆ. ಡ್ರೈವರ್, ತಲೆ ಸುತ್ತಿದ ಮುದುಕರು. ಇಡೀ ಪ್ರಪಂಚ ಹಾಗೇ ನಡೆಯುತ್ತದೆ ಅಂತ ನಂಬಿ ನನ್ನ ಅಣ್ಣ ತಪ್ಪು ಮಾಡಿದ್ದಾನೆ ಅಂತ. ಪುಸ್ತಕದ ಅಂಚಿನಲ್ಲಿದ್ದ ಅವನ ಪ್ರಶ್ನೆಗಳಲ್ಲಿ ಮೂರನ್ನು ಹಾಗೇ ನಕಲು ಮಾಡಿದೆ. ಅವನಿಗೆ ಸೀಟು ವಾಪಸ್ ಕೊಡಿ. ನನಗಿರುವುದು ಇದೊಂದೇ ಪತ್ರ, ಗೊತ್ತು. ಇದೇ ಆ ಪತ್ರ.

ಮತ್ತೊಮ್ಮೆ ಓದದೆ ಕಳಿಸಿದೆ. ಅವನಿಗೆ ಹೇಳಿಲ್ಲ. ಅವನ ಚಾಳಿ ನನಗೂ ಅಂಟಿದೆ.

ಮೇ 15

ಇಲ್ಲಿನ ಕಾಲೇಜಿಗೆ ಹೋಗಿ ಒಪ್ಪಿಗೆ ಹೇಳಿ ಬಂದೆ. ಕೆಮಿಸ್ಟ್ರಿ. ಕ್ಲರ್ಕ್ ತಲೆ ಎತ್ತದೆ ಸೀಲು ಹೊಡೆದ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು.

ಅವನು ಮುಂದಿನ ವರ್ಷ ನೋಡುತ್ತಾನಂತೆ. ಅಪ್ಪ ಅವನಿಗೆ ಮೆಷಿನ್ ಕಲಿಸುತ್ತಿದ್ದಾರೆ. ಕಲಿಯುತ್ತಿದ್ದಾನೆ. ಶಿಳ್ಳೆಯಿಲ್ಲ.

ಮೇ 27, ಮಂಗಳವಾರ. ಬೆಳಿಗ್ಗೆ

ಫೋನ್. ಹೊರಗಿನ ನಂಬರ್. ಯಾವುದೋ ಪೇಷಂಟ್ ಅಂದುಕೊಂಡು, "ಫಾಸ್ಟಿಂಗ್ ಆದ್ರೆ ಒಂಬತ್ತರೊಳಗೆ ಬನ್ನಿ" ಅಂದೆ.

ಆ ಕಡೆ ಹೆಂಗಸೊಬ್ಬರು ನಕ್ಕರು. ಯೂನಿವರ್ಸಿಟಿಯ ಪ್ರವೇಶ ವಿಭಾಗ.

"ನಿಮ್ಮ ಪತ್ರ ಸಮಿತಿಯವ್ರು ಓದಿದ್ರಮ್ಮಾ. ಒಂದು ಸೀಟು ಇದೆ. ನಿಮಗೆ."

"ಅವನಿಗೆ ಅಲ್ವಾ?"

"ಅವ್ರು ಬೇಡ ಅಂತ ಬರೆದುಕೊಟ್ಟಾಯ್ತಲ್ಲ. ಈ ವರ್ಷಕ್ಕೆ ಅವ್ರನ್ನ ಮತ್ತೆ ತಗೊಳೋ ಹಾಗಿಲ್ಲ. ಇದು ವೇಟಿಂಗ್‌ನಲ್ಲಿರೋರಿಗೆ."

"ನಾನು ಬರೆದಿದ್ದು ಅವನ ಬಗ್ಗೆ. ನನ್ನ ಬಗ್ಗೆ ಒಂದು ಸಾಲೂ ಇಲ್ಲ."

"ಹೌದು, ಓದಿದೀವಿ" ಅಂದರು. ದನಿ ಮೆತ್ತಗಿತ್ತು. "ಇವತ್ತು ಐದು ಗಂಟೆಯೊಳಗೆ ಹೇಳ್ಬೇಕು. ನೀವು ಬೇಡ ಅಂದ್ರೆ ಇನ್ಯಾರಿಗೋ ಹೋಗತ್ತೆ. ನಿಮ್ಮ ಅಣ್ಣನಿಗಂತೂ ಹೋಗಲ್ಲ."

ಮಧ್ಯಾಹ್ನ

ಹೇಳಿದೆ. ಸ್ಯಾಂಪಲ್ ಫ್ರಿಡ್ಜಿನ ಹತ್ತಿರ ನಿಲ್ಲಿಸಿಕೊಂಡು, ಪತ್ರದಿಂದ ಹಿಡಿದು ಎಲ್ಲ.

"ನನ್ ಪ್ರಶ್ನೆ ಕದ್ದು ಬರೆದ್ಯಾ?" ಅಂತ ನಕ್ಕ. ಆಮೇಲೆ ನಗಲಿಲ್ಲ. "ಈಗ ಹೇಳು. ಬೇಕಾ, ಬೇಡ್ವಾ?"

"ನಿಂಗೂ ಬೇಕಿತ್ತಲ್ವೇನೋ."

"ನನ್ ವಿಷ್ಯ ಬಿಡು. ಏಪ್ರಿಲ್‌ನಿಂದ ಕೇಳ್ತಿದೀನಿ, ಒಂದು ಸಲನಾದ್ರೂ ಬಾಯಿಬಿಟ್ಟು ಹೇಳೇ."

"ಬೇಕು."

"ಏನು? ಕೇಳಿಸ್ಲಿಲ್ಲ."

"ಬೇಕು ಕಣೋ! ತುಂಬಾ ಬೇಕು. ಮೊದಲ ದಿನದಿಂದ ಬೇಕು. ನಿಂಗೆ ಸಿಕ್ಕಿದಾಗ ನಿನ್ನ ಕತ್ತು ಹಿಸುಕೋಷ್ಟು ಬೇಕಿತ್ತು."

"ಅಬ್ಬ! ಹೇಳಿದ್ಯಲ್ಲ. ಹೋಗು, ಫೋನ್ ಮಾಡು."

ಮಾಡಿದೆ. ಆಯಿತು.

ಸಂಜೆ

ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವನೇ. ಅಪ್ಪನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅಮ್ಮ ಯಾರ ಮುಖ ಬೇಕಾದರೂ ನೋಡುತ್ತಾ ನಗುತ್ತಿದ್ದಳು, ಎಷ್ಟೋ ದಿನದ ಮೇಲೆ. ಫೋನ್ ಮಾಡಿದವರಿಗೆಲ್ಲ ಅವನೇ ಸುದ್ದಿ ಹೇಳಿದ. "ನಮ್ಮ ತಂಗಿಗೆ ಸಿಕ್ತು, ಯಾರು ಅನ್ಕೊಂಡಿದ್ರಿ!" ಆಮೇಲೆ ಮುಖ ತೊಳೆದು ಬರ್ತೀನಿ ಅಂತ ಬಚ್ಚಲಿಗೆ ಹೋದ.

ನನಗೆ ಖುಷಿಯಾಗಿದೆ. ಸುಳ್ಳು ಯಾಕೆ ಬರೆಯಲಿ. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಬಚ್ಚಲಲ್ಲಿ ನಲ್ಲಿ ಹರಿಯುತ್ತಲೇ ಇದೆ. ಅಮ್ಮ ಅಡುಗೆಮನೆಯಿಂದ, "ಇಷ್ಟೊತ್ತು ಏನು ತೊಳೀತಿದಾನೆ ಇವನು, ನೀರೆಲ್ಲ ಖಾಲಿ ಮಾಡ್ತಾನೆ" ಅಂದಳು. ನಲ್ಲಿ ಸದ್ದಿನ ಹಿಂದೆ ಇನ್ನೊಂದು ಸದ್ದು ಇದೆ. ಅಮ್ಮನಿಗೆ ಕೇಳಿಸಿಲ್ಲ. ಪಕ್ಕದ ರೂಮಿನಲ್ಲಿ ಕೂತ ನನಗೆ ಕೇಳಿಸುತ್ತಿದೆ.

ಹೋಗಿ ಬಾಗಿಲು ತಟ್ಟಬೇಕು. ತಟ್ಟಿದರೆ ತೆಗೆಯುತ್ತಾನೆ, ನಗುತ್ತಲೇ ತೆಗೆಯುತ್ತಾನೆ. ಆಗ ನಾನು ಅವನಿಗೆ ಏನಂತ ಹೇಳಲಿ?